ಉತ್ತರ ಪತ್ರಿಕೆಯ ತಲೆಯ ಮೇಲಿನ ಶ್ರೀ

ಚಿನ್ನು, ಪುಟ್ಟಿ,

ಮೊನ್ನೆ ಅಂಗಡಿಗೆಂದು ನಾನು ಬರೆದ ಸಾಮಾನಿನ ಚೀಟಿ ನೋಡಿ ನೀವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. “ಅಜ್ಜಿ, ಕಾಲು ಕೆಜಿ ಬೆಳ್ಳುಳ್ಳಿಗೂ ಶ್ರೀನಾ?” ಎಂದಳು ಪುಟ್ಟಿ. “ಫಿನಾಯಿಲಿಗೂ ಶ್ರೀ!” ಎಂದ ಚಿನ್ನು. ನಾನೂ ನಕ್ಕೆ. ಆದರೆ ನಿಮ್ಮಮ್ಮ ನಗಲಿಲ್ಲ, ಗಮನಿಸಿದಿರಾ? ಒಗ್ಗರಣೆ ಸೌಟು ಹಿಡಿದುಕೊಂಡೇ ಒಮ್ಮೆ ನನ್ನ ಕಡೆ ನೋಡಿ ಒಲೆಯತ್ತ ತಿರುಗಿದಳು. ಆ ನೋಟ ಯಾಕೆಂದು ನಿಮಗೆ ಹೇಳಬೇಕು. ಬಾಯಲ್ಲಿ ಹೇಳಲು ಹೋದರೆ ನನಗೆ ಅರ್ಧಕ್ಕೇ ಮಾತು ನಿಂತುಹೋಗುತ್ತದೆ. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗಿ ಬಂದಿಲ್ಲ. ಬರೆಯಲು ಬರುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಓದಿದ್ದು ಆಯನೂರಿನಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಇಡೀ ಶಾಲೆಗೆ ಒಬ್ಬರೇ ಮೇಷ್ಟ್ರು. ಮೊದಲ ವರ್ಷ ಮರಳಿನ ಮೇಲೆ ಬೆರಳಿನಿಂದ, ಆಮೇಲೆ ಸ್ಲೇಟಿನ ಮೇಲೆ ಬಳಪದಿಂದ, ಕೊನೆಗೆ ಕಾಗದದ ಮೇಲೆ. ಯಾವುದರ ಮೇಲೇ ಬರೆಯಲಿ, ಮೊದಲು ತಲೆಯಲ್ಲಿ ನಡುಮಧ್ಯಕ್ಕೆ ಶ್ರೀ ಬರೆಯಬೇಕು. ಮರೆತರೆ ಮೇಷ್ಟ್ರು ಬೈಯುತ್ತಿರಲಿಲ್ಲ. ಸ್ಲೇಟನ್ನು ಎತ್ತಿ ಎಲ್ಲರಿಗೂ ತೋರಿಸಿ, “ಯಾರು ಸತ್ತಿದಾರೆ ಇವಳ ಮನೇಲಿ?” ಎಂದು ಕೇಳುತ್ತಿದ್ದರು. ಬೈಗುಳವೇ ವಾಸಿಯಾಗಿತ್ತು.

ಅವರು ಹಾಗೆ ಕೇಳುತ್ತಿದ್ದುದಕ್ಕೆ ಕಾರಣವಿದೆ. ನಮ್ಮ ಕಡೆ ಶ್ರೀ ಇಲ್ಲದೆ ಬರೆಯುವ ಕಾಗದ ಒಂದೇ, ಸಾವಿನ ಸುದ್ದಿಯದು. ಅಂಚೆಯವನು ಅಂಥ ಕಾಗದ ಕೊಟ್ಟರೆ ಹೊಸಿಲಾಚೆಯೇ ನಿಂತು ಓದಿ, ಅಲ್ಲೇ ಹರಿದು ಹಾಕಿ, ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಉಳಿದ ಕಾಗದಗಳನ್ನೆಲ್ಲ ತೊಲೆಗೆ ನೇತುಹಾಕಿದ ತಂತಿಗೆ ಚುಚ್ಚಿ ಇಡುತ್ತಿದ್ದರು. ಶ್ರೀ ಇದ್ದರೆ ಇಟ್ಟುಕೊಳ್ಳುವ ಕಾಗದ, ಇಲ್ಲದಿದ್ದರೆ ಹರಿಯುವ ಕಾಗದ. ಅಕ್ಷರ ಕಲಿಯುವ ಮೊದಲೇ ನಾವು ಇದನ್ನು ಕಲಿತಿದ್ದೆವು.

ಶ್ರೀ ಇಲ್ಲದೆ ನಾನು ಕಾಗದ ಬರೆದದ್ದು ಒಂದೇ ಸಲ, ನಿಮ್ಮ ತಾತ ತೀರಿಕೊಂಡಾಗ. ತೊಂಬತ್ತರ ದಶಕದ ನಡುವಿನ ಮಾತು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ನಾವಿದ್ದೆವು. ನಿಮ್ಮ ತಾತ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವರು ಎದೆ ಹಿಡಿದುಕೊಂಡು ಕೂತರು, ಅಷ್ಟೇ. ಊರಿನವರಿಗೆಲ್ಲ ಕಾರ್ಡು ಬರೆಯಬೇಕಿತ್ತು. ನಾನೇ ಬರೆಯುತ್ತೇನೆ ಎಂದೆ. ಪ್ರತಿ ಕಾರ್ಡಿನಲ್ಲೂ ಪೆನ್ನು ತಾನಾಗಿ ಮೇಲಿನ ನಡುವಿಗೆ ಹೋಗುತ್ತಿತ್ತು. ಅದನ್ನು ಎಳೆದು ಕೆಳಗೆ ತರುತ್ತಿದ್ದೆ. ಆ ಕಾರ್ಡುಗಳನ್ನು ಬರೆದು ಮುಗಿಸಿದ ದಿನವೇ ನಾನು ನಿಜಕ್ಕೂ ಗಂಡ ಸತ್ತವಳಾದೆ.

ಹದಿನೈದು ದಿನ ಕಳೆದ ಮೇಲೆ, ನಿಮ್ಮ ತಾತನಿಗೆ ಬರಬೇಕಿದ್ದ ಹಣಕ್ಕಾಗಿ ಒಂದು ಕಚೇರಿಗೆ ಹೋಗಿ ಕಾಗದಗಳಿಗೆ ಸಹಿ ಹಾಕಬೇಕಾಯಿತು. ಸೆರಗು ಹೊದ್ದು ತಲೆ ತಗ್ಗಿಸಿ ನಿಂತಿದ್ದ ನನ್ನನ್ನು ನೋಡಿ ಅಲ್ಲಿನ ಗುಮಾಸ್ತರು ನನ್ನ ಕಡೆಗೆ ಇಂಕ್ ಪ್ಯಾಡ್ ತಳ್ಳಿದರು.

“ಹೆಬ್ಬೆಟ್ಟು ಒತ್ತಿಬಿಡಮ್ಮ, ಬೇಗ ಆಗತ್ತೆ.”

ನಾನು ಹೆಬ್ಬೆಟ್ಟು ಕೊಡಲಿಲ್ಲ. ಅವರ ಮೇಜಿನ ಮೇಲಿದ್ದ ಪೆನ್ನನ್ನು ಕೇಳದೆಯೇ ತೆಗೆದುಕೊಂಡು, ಹನ್ನೊಂದು ಕಡೆ, ನನ್ನ ಪೂರ್ತಿ ಹೆಸರು, ಒತ್ತಕ್ಷರ ದೀರ್ಘ ಯಾವುದನ್ನೂ ಬಿಡದೆ ನಿಧಾನವಾಗಿ ಬರೆದೆ. ನನ್ನ ಹಿಂದೆ ಸಾಲು ಬೆಳೆಯಿತು. ಬೆಳೆಯಲಿ ಎಂದುಕೊಂಡೆ. ಪೆನ್ನನ್ನು ಅವರ ಪ್ಯಾಡಿನ ಮೇಲಿಟ್ಟು ಬಂದೆ.

ನಿಮ್ಮ ತಾತನ ಕೆಲಸ ನನಗೆ ಸಿಗಲಿಲ್ಲ. ಏಳನೇ ಕ್ಲಾಸಿನವಳಿಗೆ ಸಿಕ್ಕಿದ್ದು ಅದೇ ಕಾರ್ಖಾನೆಯಲ್ಲಿ ಹಾಳೆ ಆರಿಸುವ ಕೆಲಸ. ಕತ್ತರಿಸಿ ಬಂದ ಹಾಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ಕಲೆ, ಮಡಿಕೆ, ತೂತು ಇರುವುದನ್ನು ಎಳೆದು ಆಚೆ ಹಾಕಬೇಕು. ಮೇಜಿನ ಎರಡೂ ಕಡೆ ನಾವು ಹೆಂಗಸರು ಸಾಲಾಗಿ ನಿಂತಿರುತ್ತಿದ್ದೆವು. ಹೊಸದರಲ್ಲಿ ಹಾಳೆಯ ಅಂಚಿಗೆ ಬೆರಳು ಸೀಳಿ ಮಜ್ಜಿಗೆಯಲ್ಲಿ ಕೈ ಅದ್ದಲಾಗುತ್ತಿರಲಿಲ್ಲ. ದಿನಕ್ಕೆ ಸಾವಿರಾರು ಖಾಲಿ ಹಾಳೆ ಕೈ ದಾಟಿ ಹೋಗುತ್ತಿದ್ದವು. ಒಂದರ ಮೇಲೂ ಏನನ್ನೂ ಬರೆಯುವ ಹಾಗಿರಲಿಲ್ಲ. ನನಗೆ ಕೋಪ ಬರುತ್ತಿತ್ತು. ಯಾರ ಮೇಲೆ ಎಂದು ಆಗ ಗೊತ್ತಿರಲಿಲ್ಲ.

ಒಂದು ದಿನ ಬಸ್ ನಿಲ್ದಾಣದ ಗೋಡೆಯಲ್ಲಿ ಒಂದು ಭಿತ್ತಿಪತ್ರ ನೋಡಿದೆ. ಮುಕ್ತ ವಿಶ್ವವಿದ್ಯಾಲಯವಂತೆ. ಹದಿನೆಂಟು ತುಂಬಿದ ಯಾರು ಬೇಕಾದರೂ, ಮೊದಲೊಂದು ಪರೀಕ್ಷೆ ಪಾಸು ಮಾಡಿ, ಪಿಯುಸಿ ಇಲ್ಲದೆಯೇ ಬಿ.ಎ.ಗೆ ಸೇರಬಹುದಂತೆ. ಮನೆಯಲ್ಲೇ ಓದುವುದು, ಭಾನುವಾರಗಳಲ್ಲಿ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ತರಗತಿ. ಎರಡು ಸಲ ಓದಿದೆ. ನನಗೆ ಹದಿನೆಂಟು ತುಂಬಿ ಇಪ್ಪತ್ತಮೂರು ವರ್ಷವಾಗಿತ್ತು.

ನಿಮ್ಮ ತಾತನ ಅಣ್ಣ, ಅಂದರೆ ನನ್ನ ಭಾವ, ಆಯನೂರಿನಿಂದ ಆಗಾಗ ಬಂದು ನಮ್ಮ ಯೋಗಕ್ಷೇಮ ನೋಡಿಕೊಂಡು ಹೋಗುತ್ತಿದ್ದರು. ಕೆಟ್ಟವರಲ್ಲ. ಬರುವಾಗ ಬಾಳೆಗೊನೆ ತರುತ್ತಿದ್ದರು, ಹೋಗುವಾಗ ಬುದ್ಧಿ ಹೇಳುತ್ತಿದ್ದರು. ಅಂದು ಅರ್ಜಿ ಫಾರಂ ಅವರ ಕಣ್ಣಿಗೆ ಬಿತ್ತು.

“ಮಗಳು ಕಾಲೇಜಿಗೆ ಹೋಗೋ ವಯಸ್ಸಲ್ಲಿ ಅಮ್ಮ ಹೊರಟ್ರೆ ಜನ ಏನಂತಾರೆ ಮಾರಾಯ್ತಿ?”

“ಭಾನುವಾರ ಮಾತ್ರ ಭಾವ.”

“ಓದಿ ಏನು, ಡಿ.ಸಿ. ಆಗ್ತೀಯಾ?”

“ಇಲ್ಲ ಭಾವ. ಬಿ.ಎ. ಆಗ್ತೀನಿ.”

ಅವರಿಗೆ ಇಷ್ಟು ಉದ್ದದ ಉತ್ತರವನ್ನು ನಾನು ಅದುವರೆಗೆ ಕೊಟ್ಟಿರಲಿಲ್ಲ. ಫಾರಂ ತೆಗೆದು ನೋಡಿದರು. ಮೇಲ್ಗಡೆ ಖಾಲಿ ಜಾಗದಲ್ಲಿ ಎಂದಿನಂತೆ ಶ್ರೀ ಬರೆದಿದ್ದೆ. ಅದರ ಮೇಲೆ ಬೆರಳಿಟ್ಟು, “ಗಂಡ ಹೋದ ಮೇಲೆ ಶ್ರೀ ಎಲ್ಲಿ ಬಂತು?” ಎಂದರು. ನಗುವಿಗೆ ಹೇಳಿದರೋ, ನಿಜಕ್ಕೇ ಹೇಳಿದರೋ ತಿಳಿಯಲಿಲ್ಲ. ನಾನು ಫಾರಂ ಅನ್ನು ಅವರ ಕೈಯಿಂದ ತೆಗೆದುಕೊಂಡು, ಶ್ರೀಯನ್ನು ಇನ್ನೊಮ್ಮೆ ದಪ್ಪಗೆ ತಿದ್ದಿದೆ.

ನಿಮ್ಮಮ್ಮನಿಗೆ ಆಗ ಹದಿನೆಂಟು. ಅವಳಿಗೂ ನಾಚಿಕೆಯೇ. “ಓದು ಅಮ್ಮ, ಆದ್ರೆ ನನ್ನ ಫ್ರೆಂಡ್ಸ್ ಹತ್ರ ಹೇಳ್ಬೇಡ” ಎಂದಿದ್ದಳು. ನಾನು ಹೇಳಲಿಲ್ಲ. ನಾನು ಯಾರ ಹತ್ತಿರ ತಾನೇ ಏನು ಹೇಳುತ್ತಿದ್ದೆ?

ಭಾನುವಾರದ ಬಸ್ಸಿನಲ್ಲಿ ನನಗೆ ಇಬ್ಬರು ಜೊತೆಯಾದರು. ಒಬ್ಬರು ಕಬ್ಬಿಣದ ಕಾರ್ಖಾನೆಯ ಫಿಟ್ಟರು. ಮನೆಮಾತು ತಮಿಳು, ಹುಟ್ಟಿದ್ದು ಭದ್ರಾವತಿಯಲ್ಲೇ. ಇನ್ನೊಬ್ಬಳು ಬಟ್ಟೆ ಹೊಲಿಯುವ ಮುಸ್ಲಿಂ ಹೆಂಗಸು. ಅವಳಿಗೆ ಮೂವರು ಮಕ್ಕಳು. ಫಿಟ್ಟರಣ್ಣ, ಟೈಲರಮ್ಮ ಎಂದೇ ನಾನು ಅವರನ್ನು ಕರೆಯುತ್ತಿದ್ದುದು. ಕಾಲೇಜಿನ ಬೆಂಚುಗಳು ಹುಡುಗರ ಅಳತೆಗೆ ಮಾಡಿದವು. ಫಿಟ್ಟರಣ್ಣನ ಹೊಟ್ಟೆ ಡೆಸ್ಕಿಗೆ ಸಿಕ್ಕಿಕೊಳ್ಳುತ್ತಿತ್ತು. “ಅಕ್ಕಾ, ಈ ಡಿಗ್ರಿ ಬಂದ್ರೆ ಹೊಟ್ಟೆಗೇ ಬರಬೇಕು, ಅದೇ ಜಾಸ್ತಿ ಕಷ್ಟಪಡ್ತಾ ಇರೋದು” ಎನ್ನುತ್ತಿದ್ದ. ಪಾಠ ಮಾಡುವವರು ಪ್ರಶ್ನೆ ಕೇಳಿದರೆ ನನಗೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಪಿಸುಗುಟ್ಟುತ್ತಿದ್ದೆ, ಟೈಲರಮ್ಮ ಜೋರಾಗಿ ಹೇಳುತ್ತಿದ್ದಳು. ಹೊಗಳಿಕೆ ಅವಳಿಗೆ ಬರುತ್ತಿತ್ತು. ಬಸ್ಸಿನಲ್ಲಿ ಅದನ್ನು ಅರ್ಧ ಮಾಡಿ ನನಗೆ ಹಿಂದಕ್ಕೆ ಕೊಡುತ್ತಿದ್ದಳು.

ಹಾಳೆ ಆರಿಸುತ್ತಲೇ ಓದುತ್ತಿದ್ದೆ. ಕಣ್ಣು ಕಲೆ ಹುಡುಕುತ್ತಿತ್ತು, ತಲೆಯೊಳಗೆ ರಾಜವಂಶಗಳು ಒಂದರ ಹಿಂದೆ ಒಂದು ನಡೆಯುತ್ತಿದ್ದವು. ಇಂಗ್ಲಿಷ್ ಮಾತ್ರ ಒಲಿಯಲಿಲ್ಲ. ಆದರೂ ಮೊದಲನೇ ವರ್ಷ ಪಾಸು, ಎರಡನೇ ವರ್ಷ ಪಾಸು. ಪ್ರತಿಯೊಂದು ಉತ್ತರ ಪತ್ರಿಕೆಯ ಒಳಪುಟದ ತಲೆಯಲ್ಲೂ ನಾನು ಶ್ರೀ ಬರೆದಿದ್ದೆ. ಇಂಗ್ಲಿಷ್ ಪತ್ರಿಕೆಯಲ್ಲೂ. ಯಾರೂ ಏನೂ ಕೇಳಿರಲಿಲ್ಲ.

ಕೇಳಿದ್ದು ಮೂರನೇ ವರ್ಷದ ಕೊನೆಯ ಪರೀಕ್ಷೆಯ ದಿನ, ಇತಿಹಾಸದ ಪತ್ರಿಕೆಗೆ. ಅದೊಂದು ಮುಗಿದರೆ ನನ್ನ ಬಿ.ಎ. ಮುಗಿಯುತ್ತಿತ್ತು. ಗಂಟೆಯೊಳಗೆ ಐದು ಪುಟ ಬರೆದಿದ್ದೆ. ತಪಾಸಣೆಯವರು ಬಂದರು. ಅವರಲ್ಲಿ ಚಿಕ್ಕ ವಯಸ್ಸಿನವರೊಬ್ಬರು ನನ್ನ ಡೆಸ್ಕಿನ ಬಳಿ ನಿಂತು, ಉತ್ತರ ಪತ್ರಿಕೆಯ ಒಳಪುಟ ತಿರುಗಿಸಿ, ಹಾಗೇ ಬಗ್ಗಿದರು.

“ಏನ್ರೀ ಇದು?”

“ಶ್ರೀ, ಸಾರ್.”

“ಅದು ಕಾಣ್ತಾ ಇದೆ. ಯಾಕೆ ಬರೆದ್ರಿ?”

“ಬರಿಯೋಕೆ ಮುಂಚೆ ಹಾಕ್ಬೇಕಲ್ಲ ಸಾರ್.”

ಅಕ್ಕಪಕ್ಕದವರು ಕಿಸಕ್ಕೆಂದರು. ನಾನು ಕೊಬ್ಬಿನಿಂದ ಹೇಳಿದೆ ಎಂದು ಅವರು ತಿಳಿದರು. ನಾನು ಇದ್ದದ್ದು ಇದ್ದಂತೆ ಹೇಳಿದ್ದೆ. ಅವರು ಹಾಲ್ ಟಿಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. ಉತ್ತರ ಪತ್ರಿಕೆಯೊಳಗೆ ಹೆಸರು, ದೇವರ ಹೆಸರು, ಯಾವುದೇ ಗುರುತು ಬರೆಯಬಾರದು, ಬರೆದರೆ ಅದು ಪರೀಕ್ಷಾ ಅಕ್ರಮ. ಉತ್ತರ ತಿದ್ದುವ ಮೇಷ್ಟ್ರಿಗೆ ‘ಇದು ನನ್ನದು’ ಎಂದು ಸನ್ನೆ ಮಾಡಿದ ಹಾಗಂತೆ. ನನ್ನ ಪತ್ರಿಕೆಯನ್ನು ಕಿತ್ತುಕೊಂಡರು. ಅದರ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಏನೋ ಗೀಚಿದರು. ಎದ್ದು ಹೋಗಿ ಎಂದರು. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದಾಗ ನಾನು ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಗೆ ಬಂದೆ. ನಲವತ್ತನಾಲ್ಕು ವರ್ಷದವಳು, ನಕಲು ಹೊಡೆದು ಸಿಕ್ಕಿಬಿದ್ದ ಹುಡುಗಿಯ ಹಾಗೆ.

ಸಂಜೆ ಬಸ್ಸಿನಲ್ಲಿ ಫಿಟ್ಟರಣ್ಣ ಮೆಲ್ಲಗೆ ಹೇಳಿದ, “ಅಕ್ಕಾ, ನಾನೂ ಹಾಕ್ತೀನಿ. ನಮ್ಮಲ್ಲಿ ಗಣಪತಿ ಸುಳಿ ಅಂತ, ಹಿಂಗೆ ಒಂದು ಸಣ್ಣ ಕೊಕ್ಕೆ.” ಗಾಳಿಯಲ್ಲಿ ಬರೆದು ತೋರಿಸಿದ. “ಅವ್ರು ನೋಡಿದ್ರು. ಪೆನ್ನು ಬರೀತದಾ ಅಂತ ಗೀಚಿದೀನಿ ಅಂದ್ಕೊಂಡು ಮುಂದೆ ಹೋದ್ರು.”

ಟೈಲರಮ್ಮ ಆಚೆ ಈಚೆ ನೋಡಿ ದನಿ ತಗ್ಗಿಸಿದಳು. “ನಾನು ಬಿಸ್ಮಿಲ್ಲಾ ಬದ್ಲಿಗೆ ಏಳು ಎಂಟು ಆರು ಬರೆದಿದೀನಿ. ರೋಲ್ ನಂಬರ್ ಅಂದ್ಕೊಂಡ್ರೋ ಏನೋ!”

ಮೂವರಿಗೂ ನಗು ತಡೆಯಲಾಗಲಿಲ್ಲ. ಅಳಬೇಕಾದ ದಿನ, ಹಾಗೆ ನಕ್ಕೆವು. ಕಂಡಕ್ಟರು ತಿರುಗಿ ನೋಡಿದ. ಆಮೇಲೆ ಫಿಟ್ಟರಣ್ಣ ಗಂಭೀರನಾದ. “ನಾನೂ ಬಂದು ಹೇಳ್ತೀನಿ ಅಕ್ಕಾ, ಎಲ್ರೂ ಹಾಕ್ತಾರೆ ಅಂತ.” ಟೈಲರಮ್ಮನ ಮುಖ ಬಿಳಚಿಕೊಂಡಿತು. ಅವಳು ಹೊಲಿಗೆ ಮಿಷನ್ನಿನ ಮೇಲೆ ಪುಸ್ತಕ ಇಟ್ಟುಕೊಂಡು ಮೂರು ವರ್ಷ ಓದಿದವಳು. “ಯಾರೂ ಏನೂ ಹೇಳೋ ಹಾಗಿಲ್ಲ” ಎಂದೆ. “ಸಿಕ್ಕಿದ್ದು ನಾನು.”

ತಿಂಗಳ ಮೇಲೆ ನೋಟಿಸು ಬಂತು. ವಿಚಾರಣೆಗೆ ಹಾಜರಾಗಬೇಕು. ಅದರ ಜೊತೆ ಟೈಪ್ ಮಾಡಿದ ಒಂದು ತಪ್ಪೊಪ್ಪಿಗೆ ಪತ್ರವೂ ಇತ್ತು, ಕೆಳಗೆ ಸಹಿಗೆ ಗೆರೆ. ‘ಮೌಲ್ಯಮಾಪಕರಿಗೆ ಗುರುತು ಸಿಗಲೆಂಬ ಉದ್ದೇಶದಿಂದ ನಾನು ಉತ್ತರ ಪತ್ರಿಕೆಯಲ್ಲಿ ಚಿಹ್ನೆ ಹಾಕಿದ್ದು ನಿಜ.’ ಸಹಿ ಹಾಕಿದರೆ ಆ ಪತ್ರಿಕೆಯೊಂದು ರದ್ದಾಗಿ, ಮುಂದಿನ ಸಲ ಬರೆಯಬಹುದು. ಹಾಕದಿದ್ದರೆ ವಿಚಾರಣೆಯ ತೀರ್ಮಾನ. ಮೂರು ವರ್ಷ ಪರೀಕ್ಷೆಗೇ ಕೂರದಂತೆ ಮಾಡಬಹುದು, ಪಾಸಾದದ್ದನ್ನೂ ರದ್ದು ಮಾಡಬಹುದು.

ಭಾವ ಬಂದರು. ನಿಮ್ಮಮ್ಮನಿಗೆ ಅವರು ದಾವಣಗೆರೆ ಕಡೆಯ ಒಂದು ಸಂಬಂಧ ತಂದಿದ್ದರು, ಮಾತುಕತೆ ಅರ್ಧದಲ್ಲಿತ್ತು.

“ಸಹಿ ಹಾಕಿ ಕಳ್ಸಿಬಿಡು. ಮನೇಲೇ ಮುಗಿಯತ್ತೆ. ವಿಚಾರಣೆ ಗಿಚಾರಣೆ ಅಂತ ಹೋದ್ರೆ, ಹುಡುಗಿ ತಾಯಿ ಪರೀಕ್ಷೇಲಿ ಕಳ್ಳತನ ಮಾಡಿದಾಳೆ ಅಂತ ದಾವಣಗೆರೆ ತನಕ ಹೋಗತ್ತೆ.”

“ಸಹಿ ಹಾಕಿದ್ರೆ ಮಾಡಿದೀನಿ ಅಂತಾನೇ ಆಗತ್ತಲ್ಲ ಭಾವ?”

“ಅದು ಫೈಲಲ್ಲಿ ಇರತ್ತೆ. ಯಾರು ನೋಡ್ತಾರೆ?”

ಫೈಲಿನಲ್ಲಿ ಇರುವುದು ಕಾಗದ. ಕಾಗದ ನನಗೆ ಗೊತ್ತು. ಮನುಷ್ಯ ಮರೆತದ್ದನ್ನೂ ಅದು ಇಟ್ಟುಕೊಂಡಿರುತ್ತದೆ.

ನಿಮ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಬಂದವಳೇ ನನ್ನನ್ನು ನೋಡಿ ಕೇಳಿದಳು, “ಅಮ್ಮ, ನೀನು ಗುರುತಿಗೆ ಅಂತ ಹಾಕಿದ್ಯಾ?”

“ಇಲ್ಲ.”

“ಹಾಗಾದ್ರೆ ಸಹಿ ಹಾಕ್ಬೇಡ.” ದೊಡ್ಡಪ್ಪನ ಕಡೆ ತಿರುಗಿ, “ಕಾಫಿಗೆ ಸಕ್ಕರೆ ಸಾಕಾ ದೊಡ್ಡಪ್ಪ?” ಎಂದಳು.

ವಿಚಾರಣೆ ಅದೇ ಕಾಲೇಜಿನ ಒಂದು ಕೋಣೆಯಲ್ಲಿ. ನಿಮ್ಮಮ್ಮ ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಳು. ಅವಳ ಗೆಳತಿಯರು ಓದುತ್ತಿದ್ದುದೂ ಆ ಕಾಲೇಜಿನಲ್ಲೇ. ಎಲ್ಲರಿಗೂ ಕಾಣುವ ಹಾಗೆ ಕೂತಿದ್ದಳು. ಒಳಗೆ ವಯಸ್ಸಾದ ಒಬ್ಬ ಪ್ರಾಧ್ಯಾಪಕರು, ಒಬ್ಬ ಉಪನ್ಯಾಸಕಿ, ಫೈಲು ಹಿಡಿದ ಒಬ್ಬ ಅಧಿಕಾರಿ. ನನಗೆ ಕುರ್ಚಿ ತೋರಿಸಿದರು. ಕೂತೆ. ನೋಟಿಸನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡೆ.

“ಹಾಲ್ ಟಿಕೆಟ್ ಹಿಂದೆ ಇರೋ ನಿಯಮ ಓದಿದ್ರಾ?” ಪ್ರಾಧ್ಯಾಪಕರು ಕೇಳಿದರು.

“ಓದಿದ್ದೆ ಸಾರ್.”

“ಓದಿಯೂ ಬರೆದ್ರಾ?”

“ಗುರುತು ಹಾಕಬಾರದು ಅಂತಿತ್ತು. ಶ್ರೀ ಗುರುತು ಅಂತ ನಂಗೆ ಹೊಳೀಲೇ ಇಲ್ಲ ಸಾರ್. ಮಾತಾಡೋಕೆ ಮುಂಚೆ ಉಸಿರು ತಗೊಳ್ಳಲ್ವಾ, ಹಾಗೆ.”

“ಇದೊಂದೇ ಸಲ ಹಾಕಿದ್ದಾ?” ಎಂದರು ಅಧಿಕಾರಿ.

ಇಲ್ಲಿ ‘ಹೌದು’ ಎಂದಿದ್ದರೆ ಹಿಂದಿನ ಎರಡು ವರ್ಷ ಉಳಿಯುತ್ತಿತ್ತು. ಅವರೇ ಆ ಬಾಗಿಲು ತೆರೆದು ಕೊಟ್ಟಿದ್ದರು.

“ಎಲ್ಲಾದ್ರಲ್ಲೂ ಹಾಕಿದೀನಿ ಸಾರ್. ಮೂರು ವರ್ಷದ್ದೂ ತೆಗೆದು ನೋಡಿ.”

“ಅಂದ್ರೆ ಮೂರು ವರ್ಷಾನೂ ಗುರುತು ಹಾಕ್ಕೊಂಡೇ ಪಾಸಾಗಿದೀರಿ.”

ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. “ಇಂಗ್ಲಿಷಲ್ಲೂ ಹಾಕಿದ್ದೆ ಸಾರ್. ಮೂವತ್ತೇಳು ಬಂತು. ಗುರುತು ಹಿಡಿದವರು ಮೂವತ್ತೇಳು ಕೊಡ್ತಾರಾ?”

ಉಪನ್ಯಾಸಕಿ ಬಾಯಿಗೆ ಕರವಸ್ತ್ರ ಹಿಡಿದರು. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸತೊಡಗಿದರು. ಅಧಿಕಾರಿ ಮಾತ್ರ ನಗಲಿಲ್ಲ.

“ನಿಮ್ಮ ಹಾಗೆ ಇನ್ನೂ ಯಾರು ಯಾರು ಬರೀತಾರೆ?”

ಫಿಟ್ಟರಣ್ಣನ ಕೊಕ್ಕೆ, ಟೈಲರಮ್ಮನ ಮೂರು ಅಂಕಿ ಕಣ್ಣ ಮುಂದೆ ಬಂದವು. ಹೇಳಿದ್ದರೆ ನನ್ನ ಮಾತಿಗೆ ಸಾಕ್ಷಿ ಸಿಗುತ್ತಿತ್ತು. “ಅದು ಈ ನೋಟಿಸಲ್ಲಿ ಇಲ್ಲ ಸಾರ್. ನಂದು ಕೇಳಿ, ಹೇಳ್ತೀನಿ.”

ಅಧಿಕಾರಿ ಆ ತಪ್ಪೊಪ್ಪಿಗೆ ಪತ್ರವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. “ನೋಡಿ ಅಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಒಂದು ಸಹಿ. ಬೇಗ ಮುಗಿಯತ್ತೆ.”

ಬೇಗ. ಆ ಮಾತನ್ನು ನಾನು ಮೊದಲು ಕೇಳಿದ್ದು ಇಂಕ್ ಪ್ಯಾಡಿನ ಜೊತೆ. ಅಂದು ಸಹಿಯ ಬದಲು ಹೆಬ್ಬೆಟ್ಟು ಕೇಳಿದ್ದರು. ಇಂದು ನನ್ನ ಮಾತಿನ ಬದಲು ಸಹಿ ಕೇಳುತ್ತಿದ್ದಾರೆ.

“ಇದಕ್ಕೆ ಸಹಿ ಹಾಕಲ್ಲ ಸಾರ್. ಇದು ನಾನು ಬರೆದಿದ್ದಲ್ಲ. ಬಿಳಿ ಹಾಳೆ ಕೊಡಿ, ನಡೆದಿದ್ದು ನಾನೇ ಬರೀತೀನಿ.”

ಅಧಿಕಾರಿ ಪ್ರಾಧ್ಯಾಪಕರ ಮುಖ ನೋಡಿದರು. ಅವರು ತಲೆಯಾಡಿಸಿದರು. ಹಾಳೆ ಬಂತು. ಬೆರಳಿಗೆ ತಾಗಿದ ಕೂಡಲೇ ಒಳ್ಳೆಯ ಹಾಳೆಯೆಂದು ಗೊತ್ತಾಯಿತು. ಬರೆಯತೊಡಗಿದೆ. ಮಾತಿಗಿಂತ ನನಗೆ ಅದು ಸುಲಭ. ಮೇಷ್ಟ್ರ ಮರಳಿನಿಂದ ಹಿಡಿದು ಬರೆದೆ. ಶ್ರೀ ಇಲ್ಲದ ಕಾಗದ ಸಾವಿನ ಕಾಗದ, ಅದನ್ನು ಓದಿ ಹರಿದು ಹಾಕುತ್ತಾರೆ ಎಂದು ಬರೆದೆ. ಗಂಡ ಸತ್ತಾಗ ಅಂಥ ಕಾರ್ಡುಗಳನ್ನು ಬರೆದಿದ್ದೇನೆ, ಮತ್ತೆ ಬರೆಯಲು ನನಗೆ ಮನಸ್ಸಿಲ್ಲ. ನಾನು ಬರೆದ ಉತ್ತರಗಳು ಹರಿದು ಹಾಕುವಂಥವಲ್ಲ ಎಂದು ಶ್ರೀ ಬರೆದೆ. ಯಾರಿಗೂ ಸನ್ನೆ ಮಾಡಲಿಲ್ಲ, ಸನ್ನೆ ಮಾಡಲು ನನಗೆ ಅಲ್ಲಿ ಯಾರೂ ಗೊತ್ತಿಲ್ಲ ಎಂದು ಬರೆದೆ. ಕೆಳಗೆ ಪೂರ್ತಿ ಹೆಸರು.

ಉಪನ್ಯಾಸಕಿ ಹಾಳೆ ತೆಗೆದುಕೊಂಡು ನೋಡಿದವರು, ಅದರ ತಲೆಯ ಮೇಲೆ ಬೆರಳಿಟ್ಟು ಪ್ರಾಧ್ಯಾಪಕರಿಗೆ ತೋರಿಸಿದರು. ನಡುಮಧ್ಯದಲ್ಲಿ, ದುಂಡಗೆ, ಶ್ರೀ. ನನ್ನ ಕೈ ಯಾವಾಗ ಬರೆಯಿತೋ ನನಗೇ ಗೊತ್ತಿರಲಿಲ್ಲ.

“ವಿಚಾರಣೆ ಕಾಗದದಲ್ಲೂ ಹಾಕಿದೀರಲ್ರೀ!” ಎಂದರು ಅಧಿಕಾರಿ. “ಇನ್ನೊಂದು ಹಾಳೆ ಕೊಡ್ತೀನಿ, ಬೇರೆ ಬರೀರಿ.”

ನನ್ನ ಕಿವಿ ಬಿಸಿಯಾಯಿತು. ಆದರೂ ಹೇಳಿದೆ, “ಬೇಡ ಸಾರ್. ಇದೇ ಇರ್ಲಿ.”

ಪ್ರಾಧ್ಯಾಪಕರು ಪೂರ್ತಿ ಓದಿದರು. ಎರಡನೇ ಸಲ ಓದಿದರು. ಆಮೇಲೆ ಅಧಿಕಾರಿಗೆ, “ಇದನ್ನ ಫೈಲಿಗೆ ಹಾಕಿ. ಆ ಟೈಪ್ ಮಾಡಿದ್ದು ಬೇಡ, ಹರಿದು ಹಾಕಿ” ಎಂದರು. ನನಗೆ, “ನಿಯಮ ನಿಯಮವೇ ಕಣಮ್ಮ. ಅದು ನಿಮಗೂ ಇದೆ, ನನಗೂ ಇದೆ” ಎಂದರು. ಕೈ ಮುಗಿದು ಹೊರಗೆ ಬಂದೆ.

ಬಸ್ಸು ಭದ್ರಾವತಿ ದಾರಿ ಹಿಡಿದ ಮೇಲೆ ಒಂದು ಮಾತು ನೆನಪಾಗಿ ಹಣೆ ಚಚ್ಚಿಕೊಂಡೆ. ನಮ್ಮ ಹಳೆಯ ಶಾಸನಗಳಲ್ಲಿ ಎಷ್ಟೋ ‘ಸ್ವಸ್ತಿ ಶ್ರೀ’ ಎಂದೇ ಶುರುವಾಗುತ್ತವೆ. ಕಿತ್ತುಕೊಂಡ ಆ ಪತ್ರಿಕೆಯಲ್ಲಿ ನಾನು ಶಾಸನಗಳ ಮೇಲೆ ಎರಡು ಪುಟ ಬರೆದಿದ್ದೆ! ಕಲ್ಲಿನ ಮೇಲೆ ಬರೆದವರಿಗೆ ಇಲ್ಲದ ನೋಟಿಸು ನನಗೆ ಯಾಕೆ ಎಂದು ಕೇಳಬಹುದಿತ್ತು. ನಿಮ್ಮಮ್ಮನಿಗೆ ಹೇಳಿದೆ. “ಇಳಿದು ವಾಪಸ್ ಹೋಗೋಣ್ವಾ?” ಎಂದಳು. ಅವಳು ತಮಾಷೆಗೆ ಹೇಳಿದ್ದು. ನಾನು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ.

ತೀರ್ಮಾನ ಬಂದಾಗ ಅದರಲ್ಲಿ ಹೀಗಿತ್ತು. ಅಕ್ರಮದ ಆರೋಪ ಕೈಬಿಟ್ಟಿದ್ದರು. ನಿಯಮ ತಪ್ಪಿದ ಕಾರಣ ಆ ಒಂದು ಪತ್ರಿಕೆ ಮಾತ್ರ ರದ್ದು, ಮುಂದಿನ ಸಲ ಬರೆಯಬಹುದು. ಹಿಂದಿನವು ಹಾಗೇ ಉಳಿದವು. ಭಾವ ಕಾಗದ ಓದಿ ನಕ್ಕರು.

“ಸಹಿ ಹಾಕಿದ್ರೂ ಇದೇ ಆಗ್ತಿತ್ತಲ್ಲ ಮಾರಾಯ್ತಿ! ಒಂದು ಪತ್ರಿಕೆ ರದ್ದು, ಮತ್ತೆ ಬರಿ. ಇದಕ್ಕೆ ಇಷ್ಟೆಲ್ಲಾ ಬೇಕಿತ್ತಾ?”

“ಇಲ್ಲ ಭಾವ, ಇದೇ ಆಗ್ತಿರ್ಲಿಲ್ಲ” ಎಂದೆ. ಅವರು ಕಾಗದವನ್ನು ಇನ್ನೊಮ್ಮೆ ಓದಿದರು. ಮುಂದಿನ ಸಲ ಬರುವಾಗ ಬಾಳೆಗೊನೆಯ ಜೊತೆ ಒಂದು ಪೆನ್ನು ತಂ‌ದುಕೊಟ್ಟರು. ಬುದ್ಧಿ ಹೇಳುವುದನ್ನೇನೂ ಬಿಡಲಿಲ್ಲ.

ದಾವಣಗೆರೆಯ ಸಂಬಂಧ ಮುಂದುವರಿಯಲಿಲ್ಲ. ನನ್ನ ವಿಚಾರಣೆಯಿಂದಲೋ, ಜಾತಕದಿಂದಲೋ, ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಮುಂದುವರಿದಿದ್ದರೆ ಚೀಟಿ ನೋಡಿ ನಗಲು ನೀವಿಬ್ಬರೂ ಇರುತ್ತಿರಲಿಲ್ಲ. ಅದನ್ನು ಯೋಚಿಸಿ.

ಮರುವರ್ಷ ಅದೇ ಕೋಣೆಯಲ್ಲಿ ಇತಿಹಾಸದ ಪತ್ರಿಕೆಗೆ ಕೂತೆ. ಹುಡುಗ ಹುಡುಗಿಯರ ನಡುವೆ ನಾನೊಬ್ಬಳೇ ದೊಡ್ಡವಳು. ಫಿಟ್ಟರಣ್ಣ, ಟೈಲರಮ್ಮ ಇಬ್ಬರೂ ಆಗಲೇ ಪಾಸಾಗಿದ್ದರು. ಒಳಪುಟ ತಿರುಗಿಸಿದೆ. ಪೆನ್ನು ಎಂದಿನಂತೆ ನಡುವಿಗೆ ಹೋಯಿತು, ನಿಲ್ಲಿಸಿದೆ. ನಿಯಮಕ್ಕೆ ನಾನು ಹೆದರಲಿಲ್ಲ. ಅದು ಏನೆಂದು ಈಗ ಗೊತ್ತಿತ್ತು, ಗೊತ್ತಿದ್ದೂ ಬರೆದರೆ ವಿಚಾರಣೆಯ ದಿನ ಆ ಹಾಳೆಯಲ್ಲಿ ನಾನು ಬರೆದುಕೊಟ್ಟ ಮಾತು ಸುಳ್ಳಾಗುತ್ತಿತ್ತು. ಆದರೆ ಹಾಗೇ ಬಿಡಲೂ ಮನಸ್ಸು ಬರಲಿಲ್ಲ. ಪೆನ್ನನ್ನು ಕೆಳಗಿಟ್ಟು, ಉತ್ತರ ಪತ್ರಿಕೆಯ ಮೇಲ್ಗಡೆ, ಡೆಸ್ಕಿನ ಮರದ ಮೇಲೆ, ಬೆರಳಿನಿಂದ ದೊಡ್ಡದಾಗಿ ಶ್ರೀ ಬರೆದೆ, ಒಂದನೇ ಕ್ಲಾಸಿನ ಮರಳಿನ ಮೇಲೆ ಬರೆದ ಹಾಗೆ. ಡೆಸ್ಕಿನ ಮೇಲೆ ಬರೆಯಬಾರದೆಂದು ಹಾಲ್ ಟಿಕೆಟ್ಟಿನಲ್ಲಿ ಇರಲಿಲ್ಲ. ನೋಡಿಕೊಂಡೇ ಹೋಗಿದ್ದೆ.

ಅರವತ್ತೆರಡು ಬಂತು. ಗುರುತಿಲ್ಲದೆ.

ಬಿ.ಎ. ಆದ ಮೇಲೂ ನಾನು ಅದೇ ಮೇಜಿನಲ್ಲಿ ಹಾಳೆ ಆರಿಸಿದೆ. ಕೆಲಸ ಬದಲಾಗಲಿಲ್ಲ. ಅದಕ್ಕಾಗಿ ಓದಿರಲೂ ಇಲ್ಲ. ಜೊತೆಯ ಹೆಂಗಸರು, “ಬಿ.ಎ. ಅಕ್ಕ, ಈ ಕಲೆ ಪಾಸೋ ಫೇಲೋ?” ಎಂದು ಚುಡಾಯಿಸುತ್ತಿದ್ದರು. ನೋಡಿ ಹೇಳುತ್ತಿದ್ದೆ. ನನ್ನ ತೀರ್ಪಿಗೆ ಯಾರೂ ಎದುರಾಡುತ್ತಿರಲಿಲ್ಲ.

ಈಗ ಈ ಹಾಳೆಗಳ ವಿಷಯ. ಕಾಗದದ ಬಗ್ಗೆ ನಾನು ಹೇಳಿದರೆ ಕೇಳಬೇಕು. ಇವಕ್ಕೆ ಪಿನ್ನು ಚುಚ್ಚಬೇಡಿ, ತುಕ್ಕು ಹಿಡಿದು ಕಲೆಯಾಗುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಒಳಗೆ ಬೆವರುತ್ತದೆ. ಮಡಿಸಬೇಡಿ, ಮಡಿಕೆಯಲ್ಲೇ ಮೊದಲು ಹರಿಯುವುದು. ಚಪ್ಪಟೆಯಾಗಿ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಇಡಿ, ವರ್ಷಕ್ಕೊಮ್ಮೆ ನೆರಳಲ್ಲಿ ಹರವಿ. ಮನೆ ಚೊಕ್ಕಟ ಮಾಡುವಾಗ ಯಾರಾದರೂ ಇದೇನು ಹಳೇ ಕಾಗದ, ಹರಿದು ಹಾಕಲಾ ಎಂದು ಕೇಳಿದರೆ, ಮೊದಲ ಹಾಳೆಯ ತಲೆ ತೋರಿಸಿ. ನಡುಮಧ್ಯದಲ್ಲಿ ಬರೆದಿದ್ದೇನೆ. ಇದು ಹರಿದು ಹಾಕುವ ಕಾಗದವಲ್ಲ, ಇಟ್ಟುಕೊಳ್ಳಿ.